ಮಲ್ಲಣ್ಣ, ನಿನ್ನ ಚೆಂಡು ಬಿದ್ದಿತ್ತು

ಮಲ್ಲಣ್ಣ, ಅವತ್ತು ನಿನ್ನ ಚೆಂಡು ಕುಳಿಯೊಳಗೆ ಬಿದ್ದಿತ್ತು. ನಾನೇ ಕೈ ಹಾಕಿ ಹೊರಗೆ ತೆಗೆದೆ. ತೆಗೆದು ಒಂದು ಗೇಣು ಆಚೆ ಇಟ್ಟು, ಬೀಳಲಿಲ್ಲ ಎಂದು ನಿನಗೆ ಹೇಳಿದೆ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೂ ಎದೆ ಹಗುರಾಗಿಲ್ಲ — ಆಗಲೂಬಾರದು. ಪೂರ್ತಿ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ನಡುವೆ ಎಲ್ಲಾದರೂ ಬಿಟ್ಟರೆ ಅಲ್ಲಿಂದಲೇ ಜಾರಿಕೊಳ್ಳುವ ಬುದ್ಧಿ ನನ್ನದು.

ನಿನ್ನ ಮನೆಯಾಕೆ ಪಾರ್ವತಕ್ಕ ತೀರಿಕೊಂಡ ಮೇಲೆ ನೀನು ಕುರುಗೋಡಿನ ಹೊಲಕ್ಕೂ ಹೋಗುತ್ತಿರಲಿಲ್ಲ, ಬಳ್ಳಾರಿಯ ಬೀಜದ ಅಂಗಡಿಯಲ್ಲೂ ಕೂರುತ್ತಿರಲಿಲ್ಲ. ಲುಂಗಿ ಉಟ್ಟುಕೊಂಡು ಟಿವಿ ಎದುರು ಕುಳಿತಿರುತ್ತಿದ್ದೆ, ಟಿವಿ ಹಚ್ಚಿರುತ್ತಿರಲಿಲ್ಲ. ನಾನೇ ನಿನ್ನನ್ನು ಎಳೆದುಕೊಂಡು ನಮ್ಮ ಕಾರ್ಖಾನೆಯ ಕಾಲೊನಿಯ ಗಾಲ್ಫ್ ಮೈದಾನಕ್ಕೆ ಹೋದೆ. ಸುತ್ತ ನೋಡಿ ನೀನು ಅಂದೆ: "ಇಷ್ಟು ಸಣ್ಣ ಚೆಂಡು ಹೊಡಿಯಾಕ ಇಷ್ಟು ಹೊಲ ಬೀಳು ಬಿಟ್ಟಾರಲ್ಲಲೇ ಸಿದ್ಧ! ಮೆಣಸಿನಕಾಯಿ ಹಾಕಿದ್ರ ಎಷ್ಟು ಬೆಳೀತಿತ್ತು!" ಅಂದು ನಕ್ಕೆ. ಆಕೆ ಹೋದ ಮೇಲೆ ನೀನು ನಕ್ಕದ್ದು ಅದೇ ಮೊದಲು. ಅವತ್ತಿನಿಂದ ನಿನ್ನ ಮೇಲೆ ನನಗೊಂದು ಯಜಮಾನಿಕೆ ಬಂದುಬಿಟ್ಟಿತು — ಇವನನ್ನು ಎಬ್ಬಿಸಿದವನು ನಾನು, ಆಟ ಕಲಿಸಿದವನು ನಾನು. ಭಾನುವಾರ ಬಂದರೆ ನೀನು ನನ್ನವನು.

ನಾನು ನಿವೃತ್ತನಾದ ವರ್ಷ ನಾವು ಮೂವರು ಸ್ಕಾಟ್ಲೆಂಡಿಗೆ ಹೋದೆವು, ಬರೀ ಗಾಲ್ಫ್ ಆಡಲು. ಮೂರನೆಯವನು ಜೀನ್ಸ್ ಹೊಲಿಸುವ ನಮ್ಮ ರಫೀಕ್. ಸಮುದ್ರಕ್ಕೆ ಅಂಟಿಕೊಂಡ ಮೈದಾನ, ಲಿಂಕ್ಸ್ ಎನ್ನುತ್ತಾರೆ. ಒಂದು ಮರವಿಲ್ಲ, ಮರಳಿನ ದಿಬ್ಬಗಳು, ಅವುಗಳ ಮೇಲೆ ಒರಟು ಹುಲ್ಲು, ನಿಂತವರನ್ನು ನೂಕುವ ಗಾಳಿ. ರಫೀಕ್ ಊರಿನಿಂದ ತಂದ ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚಿದ್ದೇ ತಡ, ಅರ್ಧ ಮಂಡಕ್ಕಿ ಸಮುದ್ರದ ಪಾಲಾಯಿತು. "ಅರೆ ಯಾರ್, ಹಿಡೀರೋ!" ಎಂದು ಅವನು ಅದರ ಹಿಂದೆ ಓಡಿದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ಸುಖವಾಗಿದ್ದೆವು. ಅದನ್ನು ನೆನೆದಾಗಲೇ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಆ ಮೈದಾನದಲ್ಲೊಂದು ಕುಳಿ ದೊಡ್ಡ ದಿಬ್ಬದ ಆಚೆಗಿತ್ತು. ಹೊಡೆಯುವ ಜಾಗದಿಂದ ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ಹೊಡೆಯಬೇಕು. ರಫೀಕನ ಚೆಂಡು ಮುಳ್ಳುಪೊದೆ ಸೇರಿತು, ನನ್ನದು ಮರಳಿನಲ್ಲಿ ಹೂತುಕೊಂಡಿತು. ನಿನ್ನ ಸರದಿ ಬಂದಾಗ ನೀನು ಟೋಪಿ ತೆಗೆದು ಕಣ್ಣು ಮುಚ್ಚಿ ನಿಂತೆ. "ಪೂಜಿ ಆತೇನಲೇ? ಹೊಡಿ" ಎಂದು ನಾನು ಚೇಷ್ಟೆ ಮಾಡಿದೆ. ನೀನು ಹೊಡೆದೆ. ಚೆಂಡು ದಿಬ್ಬ ದಾಟಿತು.

ರಫೀಕ್ ಪೊದೆಯ ಕಡೆ ಹೋದ. ಮೊಣಕಾಲು ನೋವಿನ ನೀನು ನಿಧಾನಕ್ಕೆ ಏರುತ್ತಿದ್ದೆ. ನಾನು ಮೊದಲು ದಿಬ್ಬ ಹತ್ತಿಳಿದೆ. ನಿನ್ನ ಚೆಂಡು ಎಲ್ಲೂ ಇರಲಿಲ್ಲ. ಏನೋ ಅನುಮಾನ ಬಂದು ಕುಳಿಯೊಳಗೆ ಬಗ್ಗಿ ನೋಡಿದೆ — ಅಲ್ಲಿತ್ತು.

ಒಂದೇ ಏಟಿಗೆ ಚೆಂಡು ಕುಳಿ ಸೇರುವುದನ್ನು ಗಾಲ್ಫ್ ಆಡುವವರು ಸಾಯುವ ತನಕ ಹೇಳಿಕೊಂಡು ತಿರುಗುತ್ತಾರೆ. ಅರ್ಧ ಆಯುಷ್ಯ ಆಡಿದ ನನಗೆ ಅದು ಒಮ್ಮೆಯೂ ಆಗಿರಲಿಲ್ಲ. ನಿನ್ನೆ ಮೊನ್ನೆ ಕಲಿತವನು, ಬಡಿಗೆ ಹಿಡಿಯುವುದನ್ನೂ ನನ್ನಿಂದ ಕಲಿತವನು — ಆ ಗಳಿಗೆಯಲ್ಲಿ ನನಗೆ ಸಂತೋಷವಾಗಲಿಲ್ಲ, ಮಲ್ಲಣ್ಣ. ಹೊಟ್ಟೆಕಿಚ್ಚಾಯಿತು. ಕೈ ತಾನಾಗಿ ಒಳಗೆ ಹೋಯಿತು ಎಂದು ಬರೆಯಹೊರಟಿದ್ದೆ... ಸುಳ್ಳು. ಹಿಂದೆ ತಿರುಗಿ, ನೀನಿನ್ನೂ ಕಾಣುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೈ ಹಾಕಿದೆ.

ನೀನು ಏದುಸಿರು ಬಿಡುತ್ತಾ ದಿಬ್ಬದ ನೆತ್ತಿಗೆ ಬಂದಾಗ ನಾನು ಕೂಗಿ ಹೇಳಿದೆ: "ತಪ್ಪಿತು ನೋಡಲೇ, ಗೇಣು ತಪ್ಪಿತು!"

ನೀನು ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡೆ. ಆಮೇಲೆ "ಆತು ಬಿಡು" ಅಂದೆ. ಆಟ ಸೋತವನ ದನಿ ಅದಲ್ಲ ಎಂದು ಆಗಲೇ ಅನಿಸಿತ್ತು.

ಆ ಸಂಜೆ — ಅಲ್ಲಿ ಬೇಸಿಗೆಯ ಸಂಜೆ ಮುಗಿಯುವುದೇ ಇಲ್ಲ — ರಫೀಕ್ ಸ್ನಾನಕ್ಕೆ ಹೋಗಿದ್ದಾಗ ನೀನಾಗಿಯೇ ಹೇಳಿದೆ. ನಿಮ್ಮ ಮನೆಯಲ್ಲಿ ದೊಡ್ಡ ಕೆಲಸವೇನಿದ್ದರೂ ಕುರುಗೋಡಿಗೆ ಹೋಗಿ ದೇವರ ಮುಂದೆ ಹೂ ಕೇಳುವ ಪದ್ಧತಿ. ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಟ್ರ್ಯಾಕ್ಟರ್ ಕೊಳ್ಳಲೂ ನೀನು ಹೂ ಕೇಳಿದವನು, ನಾನು ಎಷ್ಟು ಆಡಿಕೊಂಡಿದ್ದೆ. ಈ ಸಲದ ಪ್ರಶ್ನೆಯನ್ನು ಮಾತ್ರ ದೇವರಿಗೆ ಹಾಕಲು ನಿನಗೆ ಮನಸ್ಸು ಬರಲಿಲ್ಲ. ಚೆಂಡು ಹೊಡೆಯುವ ಮುನ್ನ ಕಣ್ಣು ಮುಚ್ಚಿ ನೀನು ಪಾರ್ವತಕ್ಕನನ್ನೇ ಕೇಳಿದ್ದೆ.

"ಸಿರುಗುಪ್ಪದ ನಾಗರತ್ನಾ ಟೀಚರ್ ಅದಾರಲ್ಲ, ಪಾರ್ವತಿ ಗೆಳತಿ... ಅವ್ರನ್ನ ಮದುವಿ ಆಗ್ಲೇನಂತ ಕೇಳಿದೆ ಲೇ. ಚೆಂಡು ಬಿದ್ರ ಹೂಂ ಅಂದಂಗ ಅಂತ. ಬೀಳಲಿಲ್ಲ. ಅಕಿಗೆ ಮನಸಿಲ್ಲ. ಇರ್ಲಿ ಬಿಡು."

ಎಂದು ನೀನು ಕಿಟಕಿಯ ಕಡೆ ಮುಖ ಮಾಡಿದೆ.

ಆಗಲೇ ಹೇಳಬೇಕಿತ್ತು. ನಾಗರತ್ನಾ ಟೀಚರ್ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಪಾರ್ವತಕ್ಕನ ಕಾಯಿಲೆಯಲ್ಲಿ ರಜೆ ಹಾಕಿ ಬಂದು ತಲೆ ಬಾಚಿದವರು. ಅವರ ಹೆಸರು ಬಂದಾಗ ನಿನ್ನ ದನಿ ಮೆತ್ತಗಾಗುವುದನ್ನು ನಾನು ಗಮನಿಸಿದ್ದೆ. ಎಲ್ಲ ಗೊತ್ತಿದ್ದೂ ಸುಮ್ಮನಾದೆ. ಮೊದಲು ಹೆದರಿಕೆ — ಹೇಳಿದರೆ ಇವನು ನನ್ನನ್ನು ಎಂಥವನೆಂದು ತಿಳಿದಾನು? ಅದರ ಕೆಳಗೆ ಇನ್ನೊಂದಿತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ: ನೀನು ಮದುವೆಯಾದರೆ ನನ್ನ ಭಾನುವಾರಗಳು ಹೋಗುತ್ತಿದ್ದವು.

ಇಂಥ ಕೇಳಿಕೆಗಳಲ್ಲಿ ನನಗೆ ನಂಬಿಕೆಯಿಲ್ಲ, ಹಾಗಾಗಿ ನಡೆದದ್ದು ದೊಡ್ಡದೇನಲ್ಲ ಎಂದು ವರ್ಷಗಟ್ಟಲೆ ಸಮಾಧಾನ ಮಾಡಿಕೊಂಡೆ. ಆದರೆ ನಿನಗೆ ನಂಬಿಕೆಯಿತ್ತು. ಆಗದ ಹೋಗದ ಮಾತನ್ನೇ ನೀನು ಕೇಳಿದ್ದೆ — ಬಹುಶಃ ನಿನಗೂ ಭಯವಿತ್ತು, ಬೇಡ ಅನ್ನಿಸಿಕೊಳ್ಳಲೆಂದೇ ಅಷ್ಟು ಕಷ್ಟದ ಷರತ್ತು ಇಟ್ಟೆಯೋ ಏನೋ. ಅಷ್ಟಾದರೂ ಹೂಂ ಎಂಬ ಉತ್ತರ ಬಂತು. ಗಂಡ ಹೆಂಡತಿಯ ನಡುವಿನ ಆ ಮಾತಿಗೆ ನಾನು ಕೈ ಹಾಕಿದೆ. ಊರಿಗೆ ಬಂದ ಮೇಲೆ ನೀನು ಸಿರುಗುಪ್ಪದ ಕಡೆ ತಲೆ ಹಾಕಲಿಲ್ಲ. ಭಾನುವಾರಗಳೆಲ್ಲ ನನಗೇ ಉಳಿದವು. ಒಂದರಲ್ಲೂ ನಿನ್ನ ಮುಖವನ್ನು ನೆಟ್ಟಗೆ ನೋಡಲಾಗಲಿಲ್ಲ.

ಹೋದ ತಿಂಗಳು ಅಕ್ಕಿ ತರಲು ಸಿರುಗುಪ್ಪಕ್ಕೆ ಹೋಗಿದ್ದೆ. ಮಿಲ್ಲಿನಲ್ಲಿ ನಾಗರತ್ನಾ ಟೀಚರ್ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಅದೂ ಇದೂ ಮಾತಾಡಿ, ಹೊರಡುವಾಗ ಕೇಳಿದರು: "ಮಲ್ಲಣ್ಣಾರು ಆರಾಮ ಅದಾರೇನ್ರಿ? ನೀವು ಪರದೇಶದಿಂದ ಬಂದಾಗಿಂದ ಈ ಕಡಿ ಬರೋದೇ ಬಿಟ್ರು. ನನ್ನಿಂದ ಏನಾರ ತಪ್ಪಾತೇನ್ರಿ?"

ಇಷ್ಟು ವರ್ಷ ಅವರು ತಮ್ಮಲ್ಲೇ ತಪ್ಪು ಹುಡುಕುತ್ತಿದ್ದರು. ಅಕ್ಕಿ ಮೂಟೆಗಳ ಪಕ್ಕ ನಿಂತುಕೊಂಡೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: "ನನ್ನ ಮುಂದ ಹೇಳಿ ಹಗುರಾಗಬ್ಯಾಡ್ರಿ. ಅವ್ರ ಮುಂದ ಹೇಳ್ರಿ." ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಚೆಂಡು ಬಿದ್ದಿತ್ತಂತ ಬರೋದಾದ್ರ ಬ್ಯಾಡ. ತಮಗ ಬರಬೇಕನಿಸಿದ್ರ ಬರ್ಲಿ ಅನ್ರಿ."

ಅವರು ಹೇಳಿದ್ದು ಇಷ್ಟು. ನಾಳೆ ನಿನ್ನ ಮನೆಗೆ ಬಂದು, ನಿನ್ನೆದುರು ಕುಳಿತು, ಇದನ್ನು ನಾನೇ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಸಿರುಗುಪ್ಪಕ್ಕೆ ಹೊರಟರೆ ಅಭ್ಯಾಸಬಲದಿಂದ ನನ್ನನ್ನು ಕರೆಯಬೇಡ, ಮಲ್ಲಣ್ಣ. ಒಬ್ಬನೇ ಹೋಗು.