ಪೂಜೆಗಿಟ್ಟ ಆಲ್ಜೀಬ್ರ ಪುಸ್ತಕ

ಅಮೆರಿಕದಲ್ಲಿ ನಾನು ಗಣಿತ ಹೇಳಿಕೊಟ್ಟಿದ್ದು ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ, ಅದೂ ಬಾರಿನ ಮೇಲಿನ ಕೋಣೆಯಲ್ಲಿ ಎಂದರೆ ಮೈಸೂರಿನ ನಮ್ಮವರು ಇವತ್ತಿಗೂ ನಗುತ್ತಾರೆ. ನಗಲಿ, ನನಗೇನು? ಆ ಕೋಣೆಯಲ್ಲಿ ಬಿಯರ್, ಬೇಯಿಸಿದ ಎಲೆಕೋಸು, ಮಂಡಿಗೆ ತಿಕ್ಕಿಕೊಳ್ಳುವ ಮುಲಾಮು ಮೂರರ ವಾಸನೆಯೂ ಒಟ್ಟಿಗೆ ಬರುತ್ತಿತ್ತು. ಮೊದಲ ದಿನ ಮೂಗಿಗೆ ಸೆರಗು ಹಿಡಿದುಕೊಂಡು ಹತ್ತಿದವಳು ನಾನು. ಆಮೇಲೆ ಏಳು ವರ್ಷ ಅದೇ ಮೆಟ್ಟಿಲು ಹತ್ತಿದೆ.

ಕೈಯಲ್ಲಿ ಹಿಡಿದುಕೊಂಡು ಓಡುತ್ತಾರಲ್ಲ, ಆ ಅಮೆರಿಕದ ಆಟವಲ್ಲ ಅದು. ಕಾಲಿನಲ್ಲಿ ಒದೆಯುವ ನಮ್ಮ ಫುಟ್‌ಬಾಲ್. ಯುದ್ಧ ಮುಗಿದ ಮೇಲೆ ಯೂರೋಪಿನಿಂದ ಬಂದು ಡೆಟ್ರಾಯಿಟ್‌ನ ಕಾರ್ಖಾನೆಗಳನ್ನು ಸೇರಿದ ಜನ ಕಟ್ಟಿಕೊಂಡಿದ್ದ ಕ್ಲಬ್ಬು. ಅರವತ್ತೇಳರ ಬೇಸಿಗೆಯಲ್ಲಿ ಗಲಭೆ ಎದ್ದು ಊರು ಹೊತ್ತಿ ಉರಿಯಿತು. ಮಕ್ಕಳನ್ನು ಬೀದಿಗೆ ಬಿಡಲು ತಾಯಂದಿರು ಹೆದರಿದರು. ಆಗ ಕ್ಲಬ್ಬಿನ ಕೋಚ್ ಶನಿವಾರದ ಪಾಠ ಶುರುಮಾಡಿದ. ಅರವತ್ತು ದಾಟಿದ ಮನುಷ್ಯ, ಗಂಟಲು ಮಾತ್ರ ಇಪ್ಪತ್ತರದು. ಬೆಳಿಗ್ಗೆ ಲೆಕ್ಕ, ಇಂಗ್ಲಿಷು. ಅದು ಮುಗಿಯದೆ ಯಾರೂ ಚೆಂಡು ಮುಟ್ಟುವ ಹಾಗಿಲ್ಲ ಎಂದು ಅವನ ಕಟ್ಟಪ್ಪಣೆ. ಚೆಂಡುಗಳನ್ನೆಲ್ಲ ಬಲೆಯ ಚೀಲಕ್ಕೆ ತುಂಬಿ ತಂದು ನನ್ನ ಕುರ್ಚಿಯ ಕೆಳಗೆ ಇಡುತ್ತಿದ್ದ. ಹುಡುಗರ ಕಣ್ಣು ನನ್ನ ಬೋರ್ಡಿನ ಮೇಲೆ ಎಷ್ಟಿರುತ್ತಿತ್ತೋ ಕುರ್ಚಿಯ ಕೆಳಗೂ ಅಷ್ಟೇ ಇರುತ್ತಿತ್ತು.

ನನ್ನನ್ನು ಅಲ್ಲಿಗೆ ಸಿಕ್ಕಿಸಿದ್ದು ನಮ್ಮ ಯಜಮಾನರು. ಕಾರು ಕಂಪನಿಯಲ್ಲಿ ಇಂಜಿನಿಯರು. ಕ್ಲಬ್ಬಿನವರೊಬ್ಬರು ಇವರ ಜೊತೆ ಕೆಲಸ ಮಾಡುತ್ತಿದ್ದರು. ಅವರ ಮುಂದೆ ‘ನನ್ನ ಹೆಂಡತಿ ಬಿ.ಎಸ್ಸಿ., ಮ್ಯಾಥ್ಸಲ್ಲಿ ಫಸ್ಟ್ ಕ್ಲಾಸ್’ ಎಂದು ಜಂಬ ಕೊಚ್ಚಿಕೊಂಡು ಬಂದಿದ್ದರು.

“ನನ್ನ ಕೇಳದೆ ಹೂಂ ಅಂದ್ಬಂದ್ರಾ?” ಎಂದು ನಾನು ಹರಿಹಾಯ್ದೆ.

“ಮನೇಲಿ ಕೂತು ಗೋಡೆ ಮೇಲೆ ರೇಗೋದಕ್ಕಿಂತ ಅಲ್ಲಿ ಹುಡುಗರ ಮೇಲೆ ರೇಗು, ಹೋಗು” ಎಂದರು. ಮಾತು ಸುಳ್ಳಾಗಿರಲಿಲ್ಲ. ಬಂದು ವರ್ಷವಾಗಿತ್ತು, ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ.

ನನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವನು ತಂಡದ ಗೋಲ್‌ಕೀಪರ್. ಎಲ್ಲರೂ ಕೀಪರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹತ್ತೊಂಬತ್ತು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಪ್ಪ ಸತ್ತಾಗ ಹೈಸ್ಕೂಲು ಬಿಟ್ಟು ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿ ಸೇರಿದ್ದ. ಅವನ ತಾಯಿ ಕಾರಿನ ಸೀಟುಗಳ ಕವರು ಹೊಲಿಯುವ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ ಮಾಡುತ್ತಿದ್ದಳು. ಮೊದಲ ಶನಿವಾರ ಮಗನನ್ನು ಕೈಹಿಡಿದುಕೊಂಡೇ ಬಂದಳು. ಇಂಗ್ಲಿಷು ಅಷ್ಟಕ್ಕಷ್ಟೆ.

“ಟೀಚರ್, ಇವನನ್ನ ಪಾಸು ಮಾಡಿಸಿ” ಎಂದಳು. “ಒಂದು ಯುದ್ಧ ನಾನು ನೋಡಿದೀನಿ. ಸಾಕು.”

ಆಗ ವಿಯೆಟ್ನಾಂ ಯುದ್ಧದ ಕಾಲ. ಹದಿನೆಂಟು ತುಂಬಿದ ಗಂಡುಮಕ್ಕಳನ್ನು ಸರ್ಕಾರ ಸೈನ್ಯಕ್ಕೆ ಕರೆಯುತ್ತಿತ್ತು, ಬರಲ್ಲ ಎನ್ನುವ ಹಾಗಿಲ್ಲ. ಕಾಲೇಜಿನಲ್ಲಿ ಓದುವವರಿಗೆ ಮಾತ್ರ ಓದು ಮುಗಿಯುವವರೆಗೆ ವಿನಾಯಿತಿ. ಹೈಸ್ಕೂಲೇ ಮುಗಿಸದವನಿಗೆ ಕಾಲೇಜು ಎಲ್ಲಿಂದ ಬರಬೇಕು? ಬಿಟ್ಟವರಿಗಾಗಿ ಒಂದು ಪರೀಕ್ಷೆ ಇತ್ತು. ಅಕ್ಟೋಬರಿನಲ್ಲಿ ಅದನ್ನು ಪಾಸು ಮಾಡಿದರೆ ಜನವರಿಗೆ ಕಾಲೇಜು ಸೇರಬಹುದು. ಅಷ್ಟರೊಳಗೆ ಕರೆ ಬರದಿದ್ದರೆ ಹುಡುಗ ಉಳಿದ.

ಶನಿವಾರದ ಪಾಠ ಅವನಿಗೆ ಎಲ್ಲಿ ಸಾಕಾಗುತ್ತೆ? ಫೌಂಡ್ರಿ ಬಿಟ್ಟ ಮೇಲೆ ಸಂಜೆ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದ. ನಾನು ಚಪಾತಿ ಲಟ್ಟಿಸುತ್ತಾ ಬೈಯುವುದು, ಅವನು ಕ್ಲಬ್ಬಿನ ಆಲ್ಜೀಬ್ರ ಪುಸ್ತಕ ತೆರೆದುಕೊಂಡು ತಲೆ ಕೆರೆದುಕೊಳ್ಳುವುದು. ಕೋನ ಎಂದರೆ ಏನೆಂದು ಹತ್ತು ಸಲ ಹೇಳಿದರೂ ಅವನ ತಲೆಗೆ ಹೋಗಿರಲಿಲ್ಲ. ಒಂದು ದಿನ ಲಟ್ಟಣಿಗೆಯನ್ನು ಗೋಲು ಮಾಡಿ, ಆಲೂಗಡ್ಡೆಯನ್ನು ಕೀಪರ್ ಮಾಡಿ, ಮುಂದೆ ಬಂದರೆ ಎದುರಾಳಿಗೆ ಎಷ್ಟು ಜಾಗ ಉಳಿಯುತ್ತದೆ ನೋಡು ಎಂದೆ. ಅವನ ಮುಖ ಅರಳಿತು. “ಇದನ್ನ ಮೊದಲೇ ಹೇಳೋದಲ್ವಾ ಟೀಚರ್!” ಎಂದು ನನಗೇ ಗದರಿದ. ಪುಸ್ತಕವನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ.

ಹಾಗಿರುವಾಗ ನವರಾತ್ರಿ ಬಂತು. ಅಪ್ಪ ಕಳಿಸಿದ್ದ ಪಂಚಾಂಗ ನೋಡಿ ಸರಸ್ವತಿ ಪೂಜೆಗೆ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಪೇರಿಸಿದೆ. ಇವರ ದಪ್ಪ ದಪ್ಪ ಇಂಜಿನಿಯರಿಂಗ್ ಪುಸ್ತಕ, ನನ್ನ ಎರಡು ಕನ್ನಡ ಪುಸ್ತಕ, ಎಲ್ಲದರ ಮೇಲೆ ಅವನ ಆಲ್ಜೀಬ್ರ. ಅರಿಶಿನ ಕುಂಕುಮ ಇಟ್ಟು ಹೂವೇರಿಸಿದೆ. ಒಂದು ಸಲ ಪೂಜೆಗಿಟ್ಟರೆ ಮುಗಿಯಿತು, ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಪುಸ್ತಕ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ದಶಮಿಯ ದಿನ ತೆಗೆದು ಅವರವರ ಪುಸ್ತಕದಿಂದ ನಾಲ್ಕು ಸಾಲು ಗಟ್ಟಿಯಾಗಿ ಓದಲೇಬೇಕು. ಊರಲ್ಲಿಲ್ಲದವರ ಪುಸ್ತಕವನ್ನು ನಮ್ಮಮ್ಮ ತಾನೇ ತೆಗೆದು ಓದಿಬಿಡುತ್ತಿದ್ದಳು.

ನವಮಿಯ ಸಂಜೆ ಕೀಪರ್ ಬಂದ. ಶನಿವಾರ ಪರೀಕ್ಷೆ. ಅವನ ಪುಸ್ತಕ ನೋಡಿದರೆ ದೇವಿಯ ಮುಂದೆ.

“ಕೊಟ್ಬಿಡೆ, ಪಾಪ. ಎಕ್ಸಾಮ್ ಇದೆ ಅವನಿಗೆ” ಎಂದರು ನಮ್ಮವರು.

“ಸುಮ್ನಿರ್ರೀ, ನಿಮ್ಮ ಇಂಜಿನಿಯರಿಂಗ್ ಬುದ್ಧಿನ ಸರಸ್ವತಿ ಹತ್ರ ತೋರಿಸ್ಬೇಡಿ. ಒಂದು ದಿನ ಓದದೇ ಇದ್ರೆ ಏನೂ ಮುಳುಗಿ ಹೋಗಲ್ಲ.”

ವಿಷಯ ತಿಳಿದ ಮೇಲೆ ಅವನಿಗೆ ಎಲ್ಲಿಲ್ಲದ ಖುಷಿ. “ಓದಬೇಡ ಅನ್ನೋ ದೇವರಾ? ನಮ್ಮ ಚರ್ಚಿಗೂ ಇಂಥವಳೊಬ್ಬಳು ಬೇಕಿತ್ತು” ಎಂದ. ಎರಡು ತಟ್ಟೆ ಕಡಲೆ ಉಸಲಿ ಖಾಲಿ ಮಾಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, “ಪುಸ್ತಕದವನು ಓದೋಕೆ ಬರದೇ ಹೋದರೆ?” ಎಂದು ಕೇಳಿದ.

“ಬಂದೇ ಬರಬೇಕು” ಎಂದೆ. “ಬರೋವರೆಗೂ ಪುಸ್ತಕ ಅಲ್ಲೇ ಇರುತ್ತೆ.”

ಅಂಥ ಶಾಸ್ತ್ರ ಯಾವುದೂ ಇಲ್ಲ. ಬೆಳಿಗ್ಗೆ ತಪ್ಪಿಸಿಕೊಳ್ಳದಿರಲಿ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವನು ಮಾತ್ರ ನಂಬಿದ. ಕತ್ತಲು ಹರಿಯುವ ಮೊದಲೇ, ಫೌಂಡ್ರಿಗೆ ಹೋಗುವ ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು ಬಂದು ನಿಂತ. ಪುಸ್ತಕ ತೆರೆದು ಸಿಕ್ಕಿದ ಲೆಕ್ಕ ಓದಿದ: ಎರಡು ಊರುಗಳಿಂದ ಇಬ್ಬರು ಒಂದೇ ಹೊತ್ತಿಗೆ ಎದುರುಬದುರಾಗಿ ಹೊರಡುತ್ತಾರೆ, ಎಷ್ಟು ಹೊತ್ತಿಗೆ ಸಂಧಿಸುತ್ತಾರೆ? ಓದಿ ಅಲ್ಲೇ ಬಾಯಿಲೆಕ್ಕದಲ್ಲಿ ಬಿಡಿಸಿಯೂ ಬಿಟ್ಟ. ಅವನ ಹೆಬ್ಬೆರಳಿನ ಕುಂಕುಮ ಆ ಪುಟದ ಅಂಚಿಗೆ ಮೆತ್ತಿಕೊಂಡಿತು.

ಪರೀಕ್ಷೆ ಪಾಸಾದ. ಕೋಚ್ ಬಾರಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸಿದ, ನನಗೊಂದು ಕಿತ್ತಳೆ ಜ್ಯೂಸು. ಅವನ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದಳು, ಅವಳ ಭಾಷೆಯಲ್ಲಿ. ಒಂದಕ್ಷರ ಅರ್ಥವಾಗದೆ ನಾನೂ ಅತ್ತೆ.

ಡಿಸೆಂಬರಿನಲ್ಲಿ ಕರೆ ಬಂತು. ಕಾಲೇಜು ತೆರೆಯಲು ಇನ್ನು ಕೆಲವೇ ವಾರ. ಕೋಚ್ ತನ್ನ ಒಂದೇ ಒಂದು ಸೂಟು ಹಾಕಿಕೊಂಡು ಸೈನ್ಯಕ್ಕೆ ಕರೆಯುವವರ ಕಚೇರಿಗೆ ಅಲೆದ. ಒಮ್ಮೆ ಕರೆದ ಮೇಲೆ ವಿನಾಯಿತಿ ಇಲ್ಲ ಎಂದರಂತೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆಲವು ವಾರ! ಯಾರ ಮೇಲೆ ಕೂಗಾಡಬೇಕೆಂದು ತಿಳಿಯದೆ ಮನೆಯಲ್ಲಿ ಇವರ ಮೇಲೆ ಕೂಗಾಡಿದೆ.

ಹೊರಡುವ ಮುಂಚೆ ಅವನು ಪುಸ್ತಕ ತಂದುಕೊಟ್ಟ.

“ನಿಮ್ಮ ಹತ್ತಿರ ಇರಲಿ ಟೀಚರ್. ಬಂದ ಮೇಲೆ ಕಾಲೇಜಿಗೆ ಬೇಕಲ್ಲ. ದೇವಿ ಹತ್ತಿರ ಇಡಿ, ನಾನೇ ಬಂದು ಓದ್ತೀನಿ.”

ಮುಂದಿನ ನವರಾತ್ರಿಗೆ ಇಟ್ಟೆ. ದಶಮಿಯ ಬೆಳಿಗ್ಗೆ ನಮ್ಮ ಪುಸ್ತಕಗಳನ್ನೆಲ್ಲ ತೆಗೆದು ಓದಿದೆವು. ಅವನದನ್ನು ತೆಗೆಯಲು ನಮ್ಮವರು ಕೈ ಚಾಚಿದರು.

“ಮುಟ್ಬೇಡಿ. ಅವನೇ ಬಂದು ಓದ್ಬೇಕು.”

“ಯಾರೇ ಮಾಡಿದ್ದು ಈ ಶಾಸ್ತ್ರ?”

“ನಾನೇ ಮಾಡಿದ್ದು. ಏನೀಗ?”

ಪುಸ್ತಕ ಪೂಜೆಯಲ್ಲಿರುವವರೆಗೂ ಅವನು ಬರಲೇಬೇಕು ಎಂದು ನನ್ನ ಮನಸ್ಸು ಹಟ ಹಿಡಿದುಬಿಟ್ಟಿತ್ತು. ಗಣಿತ ಓದಿದವಳು ನಾನು. ಆದರೂ ದಿನಾ ದೀಪ ಹಚ್ಚುವಾಗ ಮೊದಲು ಆ ಪುಸ್ತಕ ನೋಡುತ್ತಿದ್ದೆ, ಆಮೇಲೆ ದೇವರು.

ಅವನು ವಿಯೆಟ್ನಾಂನಲ್ಲಿ ತೀರಿಕೊಂಡ ಸುದ್ದಿ ಚಳಿಗಾಲದಲ್ಲಿ ಬಂತು. ಕೋಚ್ ಫೋನಿನಲ್ಲಿ ಹೇಳಲು ಹೊರಟು ಹೇಳಲಾಗದೆ ಇಟ್ಟುಬಿಟ್ಟ. ನನಗೆ ಅಷ್ಟರಲ್ಲೇ ಗೊತ್ತಾಯಿತು. ನಮ್ಮಲ್ಲಿ ಸಾವಿನ ಮನೆಗೆ ಏನನ್ನೂ ಒಯ್ಯುವುದಿಲ್ಲ. ಅಲ್ಲಿ ನೋಡಿದರೆ ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಬಂದಿದ್ದಾರೆ. ಬರಿಗೈಯಲ್ಲಿ ನಿಂತ ನನ್ನನ್ನು ಅವನ ತಾಯಿಯೇ ಕರೆದು ಕೂರಿಸಿದಳು. ಆ ಶನಿವಾರ ಕೋಚ್ ಎಂದಿನಂತೆ ಚೆಂಡಿನ ಚೀಲ ನನ್ನ ಕುರ್ಚಿಯ ಕೆಳಗಿಟ್ಟ. ಸೀಮೆಸುಣ್ಣ ಹಿಡಿದು ನಿಂತೆ, ಬರೆಯಲು ಆಗಲಿಲ್ಲ. ಹುಡುಗರು ಯಾರೂ ಚೆಂಡು ಕೇಳಲೂ ಇಲ್ಲ.

“ಇನ್ನಾದ್ರೂ ತೆಗಿಯೇ ಅದನ್ನ” ಎಂದು ನಮ್ಮವರು ಮೆಲ್ಲಗೆ ಹೇಳಿದರು. ನಾನು ತೆಗೆಯಲಿಲ್ಲ. ಹೂವು ಒಣಗಿ ಅದರ ಮೇಲೇ ಉದುರಿತು.

ಅವನ ತಾಯಿ ಶನಿವಾರಗಳಂದು ಪಾಠಕ್ಕೆ ಬರುವುದನ್ನು ಬಿಡಲಿಲ್ಲ. ಮಗ ಓದುತ್ತಿದ್ದಾಗಲೇ ಪಕ್ಕದ ಕೋಣೆಯಲ್ಲಿ ಚಿಕ್ಕಮಕ್ಕಳ ಜೊತೆ ಕೂತು ಇಂಗ್ಲಿಷು ಓದಲು ಕಲಿಯುತ್ತಿದ್ದಳು. ಈಗ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲೂ ಬಂದು ಕೂತಳು. ಲೆಕ್ಕ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಯಾಕೆ ಬರುತ್ತೀ ಎಂದು ಯಾರೂ ಕೇಳಲಿಲ್ಲ. ಎಲೆಗಳು ಕೆಂಪಾಗುವ ಹೊತ್ತಿಗೆ ಒಂದು ದಿನ ಪಾಠ ಮುಗಿದ ಮೇಲೆ ನಿಂತಳು.

“ನನ್ನ ಮಗನ ಪುಸ್ತಕ ನಿಮ್ಮ ದೇವರ ಹತ್ತಿರ ಇದೆ. ಅವನು ಹೇಳಿದ್ದ.”

ವಿಜಯದಶಮಿಯ ದಿನ ಹೇಳಿ, ಬೆಳಿಗ್ಗೆ ಬನ್ನಿ ಎಂದೆ.

ಬಂದಳು. ಚರ್ಚಿಗೆ ಕಟ್ಟಿಕೊಳ್ಳುವ ತಲೆವಸ್ತ್ರ ಕಟ್ಟಿಕೊಂಡು, ನಾನು ಹೇಳುವ ಮೊದಲೇ ಬಾಗಿಲಲ್ಲಿ ಶೂ ಬಿಟ್ಟು. ಅದನ್ನೂ ಮಗನೇ ಹೇಳಿರಬೇಕು. ಪುಸ್ತಕ ತೆಗೆದು, ಒಣಗಿದ ಹೂವು ಕೊಡವಿ ಅವಳ ಕೈಗಿಟ್ಟೆ.

“ನಮ್ಮ ಮನೆಯಲ್ಲಿ, ಊರಲ್ಲಿಲ್ಲದವರ ಪುಸ್ತಕಾನ ತಾಯಿ ಓದ್ತಾಳೆ” ಎಂದೆ. ಇದು ನಾನು ಕಟ್ಟಿದ ಶಾಸ್ತ್ರವಲ್ಲ.

ಪುಸ್ತಕ ಕುಂಕುಮದ ಕಲೆಯಿದ್ದ ಪುಟಕ್ಕೇ ತೆರೆದುಕೊಂಡಿತು. ಅವಳು ಆ ಕಲೆ ನೋಡಿದಳು, ಏನೆಂದು ಕೇಳಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ಕೂಡಿಸಿಕೊಂಡು ಓದಿದಳು. ಎರಡು ಊರುಗಳಿಂದ ಇಬ್ಬರು, ಒಂದೇ ಹೊತ್ತಿಗೆ, ಎದುರುಬದುರಾಗಿ. ಓದಿ ಮುಗಿಸಿ ತಲೆಯೆತ್ತಿದಳು.

“ಯಾವಾಗ ಸೇರ್ತಾರೆ, ಟೀಚರ್?”

“ಮೂರು ಗಂಟೆ ಆದ ಮೇಲೆ.”

“ಮೂರೇ ಗಂಟೆನಾ?” ಎಂದಳು.

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಮೇಜಿಗೆ ತಲೆಯಿಟ್ಟು ಹೋ ಎಂದು ಅತ್ತುಬಿಟ್ಟೆ. ಅವಳು ಬೆನ್ನು ಸವರುತ್ತಾ ನಿಂತಿದ್ದಳು. ನಾನು ಸುಮ್ಮನಾದ ಮೇಲೆ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ಮನೆಗೆ ಒಯ್ಯುತ್ತಾಳೆ ಎಂದುಕೊಂಡೆ. ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದಳು.

“ಕ್ಲಬ್ಬಿನ ಪುಸ್ತಕ ಇದು. ಆ ಕೆಂಚು ಕೂದಲಿನ ಹುಡುಗನಿಗೆ ಕೊಡಿ. ಮಾರ್ಚಿಗೆ ಹದಿನೆಂಟು ತುಂಬುತ್ತೆ ಅವನಿಗೆ.”

ಶನಿವಾರ ಕೊಟ್ಟೆ. ಅವನು ನಮ್ಮ ಎರಡನೆಯ ಕೀಪರ್, ಲೆಕ್ಕದಲ್ಲಿ ಶುದ್ಧ ದಡ್ಡ. ಅವಳು ಹಿಂದಿನ ಬೆಂಚು ಬಿಟ್ಟು ಬಂದು ಅವನ ಪಕ್ಕದಲ್ಲೇ ಕೂತಳು. ಅವನ ಕಣ್ಣು ನನ್ನ ಕುರ್ಚಿಯ ಕೆಳಗೆ ಹೋದಾಗಲೆಲ್ಲ ಮೊಣಕೈಯಿಂದ ತಿವಿದು, ಪುಟದ ಮೇಲೆ ಬೆರಳಿಟ್ಟು, “ಓದು” ಎನ್ನುತ್ತಿದ್ದಳು.