ನಾದಿನಿಯರ ದುಪಟ್ಟಾ

ಬೆಂಗಳೂರು ಶಿವಾಜಿನಗರದ ಮೆಹರುನ್ನೀಸಾ ಗಂಡ ಮುನೀರನ ಜೊತೆ ಇಸ್ತಾಂಬುಲ್‌ಗೆ ಬಂದದ್ದು ಸಮುದ್ರದಲ್ಲಿ ಒಮ್ಮೆ ದೋಣಿಯೇರುವ ಆಸೆಯಿಂದ. ಕೊನೆಯ ದಿನವೂ ಮಾರುಕಟ್ಟೆಯಲ್ಲೇ ಕಳೆಯುತ್ತಿತ್ತು. ನಾಲ್ವರು ನಾದಿನಿಯರು ಚೂಡಿದಾರದ ತುಂಡುಬಟ್ಟೆ ಕೊಟ್ಟು, ಮ್ಯಾಚಿಂಗ್ ದುಪಟ್ಟಾ ತರಲು ಹೇಳಿದ್ದರು. ಇಂಥ ದುಪಟ್ಟಾ ರಾಶಿರಾಶಿ ಸಿಗುವ ಕಮರ್ಷಿಯಲ್ ಸ್ಟ್ರೀಟ್ ಊರಲ್ಲಿ ಆ ನಾದಿನಿಯರ ಮನೆಯಿಂದ ಹತ್ತು ಹೆಜ್ಜೆ. ಇಲ್ಲಿ ಇಷ್ಟು ಅಲೆದು ಎರಡು ದುಪಟ್ಟಾ ಸಿಕ್ಕಿದ್ದವು. ಮುನೀರ್ ಅಂಗಡಿಯೆದುರು ಕೂತು ಮೂರನೇ ಟೀ ಕುಡಿಯುತ್ತಿದ್ದ.

"ನಾಲ್ಕಕ್ಕೆ ದೋಣಿ ಹೊರಡುತ್ತೆ. ಉಳಿದೆರಡು ನೀವು ನೋಡ್ರೀ," ಎಂದಳು ಮೆಹರುನ್ನೀಸಾ.

"ನಂಗೆಲ್ಲಿ ಬಣ್ಣ ಗೊತ್ತಾಗುತ್ತೆ, ಮೆಹರೂ?"

"ಗ್ಯಾರೇಜಲ್ಲಿ ದಿನಾ ಕಾರಿಗೆ ಪೇಂಟ್ ಮ್ಯಾಚ್ ಮಾಡೋರು ಯಾರು, ನಾನಾ?"

ಅವಳು ತುಂಡುಗಳನ್ನು ಅವನ ತೊಡೆಯ ಮೇಲಿಟ್ಟು ಹೊರಟಳು.

"ಯಾವುದು ಯಾರದು ಅಂತಾದ್ರೂ ಹೇಳಿ ಹೋಗೇ!"

"ನಿಮ್ಮ ತಂಗೀರು, ಫೋನ್ ಮಾಡಿ ಕೇಳಿ," ಎಂದು ಮೆಹರುನ್ನೀಸಾ ದೋಣಿಕಟ್ಟೆಯತ್ತ ಒಬ್ಬಳೇ ಓಡಿದಳು.