ಹೊಳೆಗೆ ಕರೆದೊಯ್ದ ವಿಮಲಕ್ಕ

ಬೀದರಿನಿಂದ ಔರಾದಿಗೆ ಹೋಗುವ ಬೆಳಗಿನ ಬಸ್ಸು ಮಾಂಜ್ರಾ ಸೇತುವೆಗೆ ಬಂದ ಕೂಡಲೇ ವಿಮಲಕ್ಕ ಎದ್ದು ನಿಲ್ಲುತ್ತಿದ್ದಳು. ಬಸ್ಸು ತುಂಬಿರಲಿ, ಖಾಲಿ ಇರಲಿ, ಮಾತು ಅರ್ಧಕ್ಕೆ ಬಂದಿರಲಿ, ಎದ್ದು ಕಿಟಕಿಗೆ ಹಣೆ ಹಚ್ಚಿ ಕೆಳಗಿನ ಹೊಳೆ ನೋಡುತ್ತಿದ್ದಳು. ಸೇತುವೆ ಮುಗಿದ ಮೇಲೆ ಕೂತು, "ಇವತ್ತ ಸಣ್ಣಗ ಆಗ್ಯಾಳ" ಎಂದೋ, "ಮ್ಯಾಲ ಎಲ್ಲ್ಯೋ ಮಳಿ ಆಗ್ಯಾದ, ನೀರ ಕೆಂಪಗ ಅದ" ಎಂದೋ ವರದಿ ಒಪ್ಪಿಸಿ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು. ಮೊದಲ ಸಲ ನೋಡಿದಾಗ ಆಕೆಗೆ ವಾಂತಿ ಬಂದಿರಬೇಕೆಂದು ನಾನು ಗಾಬರಿಯಿಂದ ನನ್ನ ಟಿಫಿನ್ನಿನ ಪ್ಲಾಸ್ಟಿಕ್ ಚೀಲ ಖಾಲಿ ಮಾಡಿ ಕೊಟ್ಟಿದ್ದೆ. ನಮ್ಮ ಪರಿಚಯವಾದದ್ದು ಹಾಗೆ.

ಆಕೆ ಔರಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಅಲ್ಲಿಯೇ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರ ಮನೆಯೂ ಬೀದರಿನಲ್ಲಿ, ಎರಡು ಓಣಿಗಳ ಅಂತರದಲ್ಲಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಊರು ಭಾಲ್ಕಿ ಕಡೆಯ ಭಾತಂಬ್ರಾ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಊರಿನಲ್ಲಿ ತಾಯಿ, ತಮ್ಮ. ಬೀದರಿನ ಬಾಡಿಗೆ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಅವುಗಳ ಕೆಳಗೆ ಸೈಕಲ್ ಹಿಡಿದು ನಿಂತ ಅಪ್ಪನ ಫೋಟೋ. ಎತ್ತರದ ಹೆಂಗಸು, ದಪ್ಪ ದನಿ. ಯಾರ ಕೈ ಹಿಡಿದರೂ ಬೆರಳು ತಾನಾಗಿ ನಾಡಿಗೆ ಹೋಗುತ್ತಿತ್ತು. "ರಾತ್ರಿ ನಿದ್ದಿ ಮಾಡಿಲ್ಲ ನೀ" ಎಂದು ಬಸ್ಸಿನಲ್ಲಿಯೇ ತೀರ್ಪು ಕೊಡುತ್ತಿದ್ದಳು. ಕಂಡಕ್ಟರುಗಳು ಕೂಡ ಆಕೆಗೆ ಹೆದರಿ ನೀರು ಹೆಚ್ಚು ಕುಡಿಯುತ್ತಿದ್ದರು.

ಮಾಂಜ್ರಾ ದಂಡೆಯಲ್ಲಿ, ಭಾಲ್ಕಿ ಮಗ್ಗುಲಿಗೆ, ಸರ್ಕಾರದವರು ಒಂದು ಉದ್ಯಾನ ಮಾಡಿದ್ದಾರೆ, ಅಲ್ಲಿ ಟೆಂಟು ಹಾಕಿ ಎರಡು ದಿನ ಇರಬಹುದು ಎಂಬ ಸುದ್ದಿ ತಂದವಳು ಅವಳೇ. "ನಾವಿಬ್ರೂ ಹೋಗೋಣು" ಎಂದಳು.

"ನಾವಿಬ್ಬರ? ಹೆಣ್ಣಮಕ್ಕಳ? ಮನ್ಯಾಗ ಏನಂತಾರ್ರೀ ಅಕ್ಕ?"

"ಏನಂತಾರಂತ ಕೇಳ್ಲಾಕ ನಾನೇ ಬರ್ತೇನಿ."

ಬಂದೇ ಬಿಟ್ಟಳು. ನಮ್ಮದು ಕನ್ನಡ, ಮರಾಠಿ ಎರಡೂ ಆಡುವ ಹಳೆಯ ಮನೆತನ. ಅತ್ತೆಯದೇ ಮಾತು ಮನೆಯಲ್ಲಿ. ವಿಮಲಕ್ಕ ಅವರ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಆಯಿ, ನಿಮ್ಮ ಸೊಸಿನ ಎರಡ ದಿನ ಕಡ ಕೊಡ್ರಿ. ಹ್ಯಾಂಗ ಒಯ್ದೆ ಹಾಂಗೇ ವಾಪಸ್ ತಂದ ಕೊಡ್ತೇನಿ" ಎಂದಳು. ಅತ್ತೆಗೆ ನಗು ಬಂತು. ನನ್ನ ಗಂಡ ಸುಧಾಕರ ಕೂಡ ನಕ್ಕರು. ಒಪ್ಪಿಗೆ ಸಿಕ್ಕಿತು. ಅತ್ತೆ ಎದ್ದು ತಾವೇ ಚಹಾ ಮಾಡಿದರು. ನಮಗೆಲ್ಲ ಸ್ಟೀಲಿನ ಲೋಟದಲ್ಲಿ ಬಂತು. ವಿಮಲಕ್ಕನಿಗೆ, ಅಡುಗೆಮನೆಯ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದ, ಹಿಡಿಕೆ ಮುರಿದ ಪಿಂಗಾಣಿ ಕಪ್ಪಿನಲ್ಲಿ.

ನಾನು ಬಾಗಿಲಲ್ಲಿ ನಿಂತಿದ್ದೆ. ನೋಡಿದೆ. ವಿಮಲಕ್ಕನೂ ನೋಡಿದಳು. ನಿಧಾನ ಕುಡಿದಳು. ನಂತರ ಹಿತ್ತಲಿನ ನಲ್ಲಿಗೆ ಹೋಗಿ ಕಪ್ಪು ತೊಳೆದು, ಕಿಟಕಿಯಲ್ಲಿ ಅದರ ಜಾಗದಲ್ಲಿ ಬೋರಲು ಹಾಕಿ, "ಬರ್ತೇನ್ರಿ ಆಯಿ" ಎಂದು ಹೊರಟಳು. ಮರುದಿನ ಬಸ್ಸಿನಲ್ಲಿ ಆ ಮಾತು ಬರುತ್ತದೆಂದು ಹೆದರಿ ಕೂತಿದ್ದೆ. ಆಕೆ ಟೆಂಟಿನೊಳಗೆ ಹಾಸಲು ಎಷ್ಟು ಕೌದಿ ಬೇಕೆಂದು ಲೆಕ್ಕ ಹಾಕುತ್ತಿದ್ದಳು.

ಜನವರಿಯಲ್ಲಿ ಹೋದೆವು. ನಾಲ್ಕೇ ಟೆಂಟು, ನಾಲ್ಕೆಂಟು ಬೇವಿನ ಗಿಡ, ಒಂದು ಕಲ್ಲಿನ ಕಟ್ಟೆ, ಅದರ ಕೆಳಗೆ ಹೊಳೆ. ಬಸಪ್ಪ ಎಂಬ ಕಾವಲುಗಾರ. ಇಬ್ಬರೇ ಹೆಂಗಸರನ್ನು ಕಂಡು ಆತ, "ಮತ್ತ ಗಂಡಸರು ಹಿಂದ ಬರ್ಲತ್ತಾರೇನ್ರಿ?" ಎಂದು ದಾರಿ ನೋಡಿದ. "ಹಿಂದ ಯಾರೂ ಇಲ್ಲಪ್ಪ. ಮುಂದ ಹೊಳಿ ಅದಲ್ಲ, ಸಾಕು" ಎಂದಳು ವಿಮಲಕ್ಕ. ಟೆಂಟಿನ ಹಗ್ಗವೊಂದು ಹರಿದಾಗ ತನ್ನ ಲಂಗದ ಲಾಡಿ ಬಿಚ್ಚಿ ಕಟ್ಟಿದಳು. ಆ ದೃಶ್ಯ ನೋಡಬಾರದೆಂದು ಬಸಪ್ಪ ಅರ್ಧ ತಾಸು ಬೇವಿನ ಗಿಡದ ಕಡೆ ಮುಖ ಮಾಡಿ ನಿಂತಿದ್ದ.

ಬುತ್ತಿ ಬಿಚ್ಚಿದಾಗ ತಟ್ಟೆ ಒಂದೇ ಇತ್ತು. ಇನ್ನೊಂದನ್ನು ನಾನು ಮರೆತು ಬಂದಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಆಕೆ ತಟ್ಟೆಯನ್ನು ನನ್ನ ಕಡೆ ಸರಿಸಿ ಸುಮ್ಮನೆ ನನ್ನ ಮುಖ ನೋಡಿದಳು. ನಾನು ಆಕೆಯ ರೊಟ್ಟಿಯನ್ನೇ ಮುರಿದು ತಿಂದೆ. ದೊಡ್ಡ ಕೆಲಸ ಮಾಡಿದೆನೆಂಬ ಹೆಮ್ಮೆ ಆಗ ನನಗಿತ್ತು. ಯಾರೂ ಇಲ್ಲದ ಹೊಳೆದಂಡೆಯಲ್ಲಿ ಅದು ಎಷ್ಟು ಸುಲಭದ ಕೆಲಸವೆಂದು ತಿಳಿಯಲು ವರ್ಷಗಳು ಬೇಕಾದವು.

ಮರುದಿನ ಬಿಸಿಲೇರಿದ ಮೇಲೆ ಈಜು ಕಲಿಸಿದಳು. ಈಜುವವರಿಗೆಂದು ಹಗ್ಗ ಕಟ್ಟಿದ ಕಡೆ ಸೊಂಟದಷ್ಟೇ ನೀರು. ನನ್ನ ಬೆನ್ನಿನ ಕೆಳಗೆ ಆಕೆಯ ಅಗಲ ಅಂಗೈ.

"ನೀರ ಜೋಡಿ ಜಗಳ ಆಡಬ್ಯಾಡ. ಮೈ ಬಿಡು."

"ಮುಳುಗ್ತೀನ್ರೀ ಅಕ್ಕಾ, ಕೈ ತಗೀಬ್ಯಾಡ್ರಿ!"

"ಹೊಳ್ಯಾಗ ರೀ ಹಚ್ಚಬ್ಯಾಡ. ಅಕ್ಕಾ, ಕೈ ತಗೀಬ್ಯಾಡ ಅನ್ನು. ಅಂದ್ರ ತಗ್ಯಾಂಗಿಲ್ಲ."

ಅಂದೆ. ಆಕೆ ಆಗಲೇ ಕೈ ತೆಗೆದಾಗಿತ್ತು. ನಾನು ನೀರಿನ ಮೇಲೆ ಮಲಗಿದ್ದೆ. ಕಿವಿಯೊಳಗೆ ಹೊಳೆಯ ಸದ್ದು, ಮೇಲೆ ಬರಿಯ ಆಕಾಶ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಹಗಲು ಹೊತ್ತು ಬೆನ್ನು ಚಾಚಿ ಮಲಗಿದ್ದು ಬಾಣಂತನದಲ್ಲಿ ಮಾತ್ರ. ಅಳು ಬಂತು. ಆ ದಿನದಿಂದ ನಾನು ಆಕೆಗೆ ನೀನು ಎಂದೇ ಅನ್ನತೊಡಗಿದೆ.

ಸಂಜೆ ಕಟ್ಟೆಯ ಮೇಲೆ ಕೂತು ತನ್ನ ಅಪ್ಪನ ಸುದ್ದಿ ಹೇಳಿದಳು. "ನಾ ಸಣ್ಣಾಕಿದ್ದಾಗ ಊರ ಬಾವಿಗಿ ನಮಗ ಇಳೀಲಾಕ ಬಿಡ್ತಿದ್ದಿಲ್ಲ. ಗೌಡರ ಮಕ್ಕಳು ದುಡುಮ್ಮಂತ ಜಿಗ್ಯೂದು ದೂರ ನಿಂತ ನೋಡ್ತಿದ್ದೆ. ನಮ್ಮಪ್ಪ ಒಂದಿನ ಸೈಕಲ್ ಮ್ಯಾಲ ಕೂಡ್ಸಕೊಂಡು ಸೀದಾ ಮಾಂಜ್ರಾಕ್ಕ ತಂದ. 'ಬಾವಿ ಅವರದಿರ್ಲಿ ಮಗಳ, ಈ ಹೊಳಿ ಯಾರಪ್ಪನ ಮನೀದೂ ಅಲ್ಲ, ಇಳಿ' ಅಂದ. ಅವತ್ತ ಇಳದಾಕಿ ನೋಡು, ಇನ್ನಾ ಮ್ಯಾಲ ಬಂದಿಲ್ಲ." ಹೇಳಿ ತಾನೇ ದೊಡ್ಡದಾಗಿ ನಕ್ಕಳು.

ಪ್ರತಿ ಜನವರಿ ಹೋದೆವು. ಉಳಿದ ಹನ್ನೊಂದು ತಿಂಗಳು ಆ ಎರಡು ದಿನಗಳ ಮೇಲೆ ನಡೆಯುತ್ತಿದ್ದವು. ನಡುವೆ ಅತ್ತೆ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಮೂರು ತಿಂಗಳು ಹಾಸಿಗೆ. ಬೆನ್ನಿಗೆ ಹುಣ್ಣಾದವು. ವಿಮಲಕ್ಕ ಪ್ರತಿ ಸಂಜೆ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದು, ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದಳು. "ನಿನ್ನ ಕೈ ಭಾಳ ಹಗುರ ಅದವ್ವ" ಎಂದು ಅತ್ತೆ ಆಕೆಯ ಕೈ ಹಿಡಿದು ಅಳುತ್ತಿದ್ದರು. ಪಟ್ಟಿ ಕಟ್ಟಿದ ಮೇಲೆ ಚಹಾ. ಮಾಡುವವಳು ಈಗ ನಾನೇ. ಕಿಟಕಿಯ ಕಪ್ಪಿಗೆ ಸುರಿಯುವವಳೂ ನಾನೇ. ಅತ್ತೆ ಮಲಗಿದಲ್ಲಿಂದ ನೋಡುತ್ತಿದ್ದಾರೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಡುಗೆಮನೆ ಅವರ ಹಾಸಿಗೆಗೆ ಕಾಣುತ್ತಲೇ ಇರಲಿಲ್ಲ.

ಆರನೆಯ ಸಲ ಹೋದಾಗ, ಸಂಜೆ ಕಟ್ಟೆಯ ಮೇಲೆ, ನಾನೇ ಆ ಕಪ್ಪಿನ ಮಾತು ತೆಗೆದೆ. ಅತ್ತೆ ಹಳೆಯ ಕಾಲದವರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದೆ. ವಿಮಲಕ್ಕ ನನ್ನ ಕಡೆ ತಿರುಗಿ ಕೂತಳು.

"ಆಯಿ ಮ್ಯಾಲ ನನಗ ಸಿಟ್ಟಿಲ್ಲ ಜಯಾ. ಅವರಿಗಿ ಹಾಂಗೇ ಕಲಿಸ್ಯಾರ. ನಿನಗ ಯಾರ ಕಲಿಸ್ಯಾರ? ನೀ ಓದಿದಾಕಿ. ನೀ ಅಲ್ಲೇ ಬಾಗಿಲಾಗ ನಿಂತಿದ್ದಿ. ಐದು ವರ್ಷ ಆಯ್ತು, ಅಲ್ಲೇ ನಿಂತೀದಿ."

ಅಷ್ಟೇ ಅಂದದ್ದು. ದನಿ ಏರಿಸಲಿಲ್ಲ. ಎದ್ದು ಟೆಂಟಿನೊಳಗೆ ಹೋಗಿ ಮಲಗಿಕೊಂಡಳು. ಬೆಳಿಗ್ಗೆ ಏಳುವ ಹೊತ್ತಿಗೆ ಸ್ಟೋವ್ ಹಚ್ಚಿ ಚಹಾ ಮಾಡಿದ್ದಳು. "ಸಕ್ಕರಿ ಕಮ್ಮಿ ಆಗ್ಯಾದೇನು ನೋಡು" ಎಂದು ಲೋಟ ಕೊಟ್ಟಳು. ಆ ಸಲ ಆಕೆ ನೀರಿಗಿಳಿಯಲಿಲ್ಲ. ಹೊಟ್ಟೆಯಲ್ಲಿ ಏನೋ ಸಂಕಟ ಎಂದಳು. ಸಿಟ್ಟಿನ ನೆಪವೆಂದುಕೊಂಡೆ.

ಮನೆಗೆ ಬಂದ ಮರುದಿನ ನಾನು ಕಿಟಕಿಯ ಕಪ್ಪು ತೆಗೆದು ಅದರಲ್ಲಿ ನನ್ನ ಚಹಾ ಸುರಿದುಕೊಂಡು ಅತ್ತೆಯ ಮುಂದೆ ಕೂತು ಕುಡಿದೆ. ಆ ಹೊತ್ತಿಗೆ ಅವರು ಕೋಲು ಹಿಡಿದು ಓಡಾಡುತ್ತಿದ್ದರು.

"ಇದೇನ ಹುಚ್ಚ ನಿಂದು?"

"ಹುಚ್ಚಲ್ರಿ ಅತ್ತಿ. ನಿಮ್ಮ ಹುಣ್ಣ ತೊಳದಾಕಿ ಇದರಾಗ ಕುಡದಾಳ. ಇನ್ನ ಮ್ಯಾಲ ನಾನೂ ಇದರಾಗೇ ಕುಡಿತೇನಿ."

ಅತ್ತೆ ಎರಡು ದಿನ ನನ್ನ ಕೈಯ ಅಡುಗೆ ಮುಟ್ಟಲಿಲ್ಲ. ಹಾಲು, ಬಾಳೆಹಣ್ಣಿನಲ್ಲಿ ಕಳೆದರು. ಸುಧಾಕರ ಯಾರ ಪಕ್ಷವನ್ನೂ ಹಿಡಿಯದೆ ಪೇಪರ್ ಓದಿದರು. ಮೂರನೆಯ ದಿನ ನಾನು ಏಳುವ ಮುಂಚೆಯೇ ಅತ್ತೆ ಆ ಕಪ್ಪನ್ನು ಕಸದ ಬುಟ್ಟಿಗೆ ಹಾಕಿದ್ದರು. "ಕರಿ ಆಕಿನ. ಎಲ್ಲಾರಂಗ ಲೋಟದಾಗ ಕುಡೀಲಿ" ಎಂದರು, ನನ್ನ ಮುಖ ನೋಡದೆ.

ಕರೆದೆ. ಬಸ್ಸಿನಲ್ಲಿ ಎಲ್ಲ ಹೇಳಿದೆ. ವಿಮಲಕ್ಕ ಕೇಳಿ ಮುಖ ಆಚೆ ತಿರುಗಿಸಿದಳು. ಆಮೇಲೆ, "ಬರ್ತೇನಿ ತಗೋ. ಈ ಐತಾರ ಬ್ಯಾಡ, ಜರಾ ಸುಸ್ತದ" ಎಂದಳು. ಮುಂದಿನ ಭಾನುವಾರವೂ ಸುಸ್ತು. ಹೋಳಿಯ ಹೊತ್ತಿಗೆ ಕಣ್ಣು ಹಳದಿಯಾದವು. ಹೈದರಾಬಾದಿನಲ್ಲಿ ಪರೀಕ್ಷೆ ಮಾಡಿ, ಹೊಟ್ಟೆಯೊಳಗಿನ ಗಂಟು ಯಕೃತ್ತಿಗೆ ಹಬ್ಬಿದೆ ಎಂದರು. ಆಕೆ ನರ್ಸ್. ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಏಪ್ರಿಲ್‌ನಲ್ಲಿ ಫೋನ್ ಮಾಡಿ, "ಒಂದ್ಸಲ ಹೊಳಿಗಿ ಒಯ್ಯಿ" ಅಂದಳು. ಬಿಸಿಲು ನಲವತ್ತೆರಡು ಇತ್ತು. ಮಗಳ ಪರೀಕ್ಷೆ, ಕಚೇರಿಯ ಕೆಲಸ. "ಈ ಬಿಸಿಲಾಗ ನಿನಗ ತ್ರಾಸ ಆಗ್ತದ ಅಕ್ಕಾ. ಒಂದ ಮಳಿ ಬೀಳ್ಲಿ" ಅಂದೆ. ಒಳ್ಳೆಯದಕ್ಕೇ ಹೇಳಿದ್ದೆ. ಮಳೆ ಬಿತ್ತು, ನಿಲ್ಲಲೇ ಇಲ್ಲ. ಅಷ್ಟರಲ್ಲಿ ಆಕೆ ಭಾತಂಬ್ರಾಕ್ಕೆ ತಾಯಿಯ ಮನೆಗೆ ಹೋಗಿದ್ದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಸುಧಾಕರ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ನನ್ನ ಹೆಗಲಿಗೆ ಒರಗಿ ಬಂದಳು. ಆ ಎತ್ತರದ ಹೆಂಗಸು ನನ್ನ ಮಗಳಷ್ಟು ಹಗುರಾಗಿದ್ದಳು. ಉದ್ಯಾನದ ಗೇಟಿಗೆ ಬೀಗ. ಬಸಪ್ಪ ಕೊಡೆ ಹಿಡಿದು ಓಡಿ ಬಂದ. ಕಾರಿನೊಳಗೆ ಇಣುಕಿ ಕೊಡೆಯನ್ನು ಆಕೆಯ ಕಡೆ ಬಾಗಿಸಿದ.

"ಮಹಾಪೂರ ಬಂದದ್ರಿ ಸಿಸ್ಟರ್. ನೀರ ಟೆಂಟಿನ ಕಟ್ಟಿ ದಾಟ್ಯಾದ. ಒಳಗ ಬಿಡ್ಲಾಕ ಬರಾಂಗಿಲ್ರಿ."

"ಬ್ಯಾಡಪ್ಪ. ನೀ ಬರಾಬರ್ ಮಾಡ್ಲತ್ತಿ" ಅಂದಳು.

ಕಾರಿನ ಬಾಗಿಲು ತೆಗೆದು ಕೂತೆವು. ಗಿಡಗಳ ಆಚೆ ಹೊಳೆ ಕಾಣಲಿಲ್ಲ. ಸದ್ದು ಮಾತ್ರ, ಜಾತ್ರೆಯ ಗದ್ದಲದಂಥ ಸದ್ದು. ಆಕೆ ಕಣ್ಣು ಮುಚ್ಚಿ ಕೇಳಿದಳು. ನನಗೆ ತಡೆಯಲಾಗಲಿಲ್ಲ. "ಏಪ್ರಿಲ್‌ದಾಗೇ ತರಬೇಕಿತ್ತು ಅಕ್ಕಾ. ನಂದೇ ತಪ್ಪು."

"ಏಪ್ರಿಲ್‌ದಾಗ ಎಲ್ಲಿ ನೀರ ಇರ್ತದ ಹುಚ್ಚಿ? ಬರೇ ಉಸುಕ ಇರ್ತದ."

ಸುಳ್ಳು. ಕೆಳಗೆ ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜು ಬೇಸಿಗೆಯಲ್ಲೂ ಅಲ್ಲಿ ನೀರು ಹಿಡಿದಿಡುತ್ತದೆ. ಸೇತುವೆಯ ಮೇಲಿಂದ ದಿನಾ ನೀರು ನೋಡಿ ವರದಿ ಕೊಡುತ್ತಿದ್ದವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಭಾತಂಬ್ರಾದಲ್ಲಿ ಇಳಿಸುವಾಗ, "ಆಯಿಗಿ ಹೇಳು, ಬರೂ ಐತಾರ ಚಹಾಕ್ಕ ಬರ್ತೇನಿ" ಅಂದಳು. ಅತ್ತೆಗೆ ಹೇಳಿದೆ. ಅವರು ಹೊಸ ರವೆ ತರಿಸಿದರು, ಶಿರಾ ಮಾಡಲು. ಶುಕ್ರವಾರ ಬೆಳಿಗ್ಗೆ ವಿಮಲಕ್ಕನ ತಮ್ಮನ ಫೋನ್ ಬಂತು.

ನಾವು ಮುಟ್ಟುವ ಹೊತ್ತಿಗೆ ಅಂಗಳದ ತುಂಬ ಜನ. ಔರಾದಿನ ನರ್ಸುಗಳು, ಇಬ್ಬರು ಕಂಡಕ್ಟರುಗಳು. ಬುದ್ಧವಂದನೆ ನಡೆದಿತ್ತು. ಮಣ್ಣು ಮುಗಿಸಿ ಬಂದ ಮೇಲೆ, ಜನ ಕರಗಿದ ಮೇಲೆ, ಆಕೆಯ ತಾಯಿ ನನ್ನನ್ನು ಒಳಗೆ ಕರೆದರು. ಎಂಬತ್ತು ದಾಟಿದ ಮುದುಕಿ. ಕಣ್ಣೀರು ಬತ್ತಿ ಹೋಗಿತ್ತು. ಟ್ರಂಕಿನ ಮೇಲೆ ಮಡಿಸಿಟ್ಟ ಸೀರೆಯೊಂದನ್ನು ತೋರಿಸಿದರು. ಹಸಿರು ಇಳಕಲ್, ಕೆಂಪು ಸೆರಗು. ಜೊತೆಗೆ, ತೆಳುವಾದ ಮೈಗೆ ಸರಿಯಾಗಲೆಂದು ಎರಡೂ ಮಗ್ಗುಲು ಒಳಗೆ ಹಿಡಿದು ಹೊಲಿದ ಕುಪ್ಪಸ.

"ನಿನ್ನೆ ಕೂತ ಕೂತಲ್ಲೇ ಹೊಲದಾಳವ್ವ. ನಾ ಹೊಲಿತೇನಿ ಕೊಡು ಅಂದ್ರ ಕೊಡಲಿಲ್ಲ. ಐತಾರ ಜಯಾನ ಮನಿಗಿ ಉಟ್ಟಕೊಂಡು ಹೋಗಾಕಿ ಅಂದ್ಳು."

ಒಂದು ತೋಳಿನ ಹೊಲಿಗೆ ಮುಗಿದಿತ್ತು. ಇನ್ನೊಂದರಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿತ್ತು.